ಬ್ರೂನೋ ಬರುವುದಾದರೆ ಪಟ್ಟಿ ಚಿಕ್ಕದಿರಲಿ

ಮಗಳೇ, ನೀನು ಕಳಿಸಿದ ಪ್ರವಾಸದ ಪಟ್ಟಿ ನೋಡಿದೆ. ಡಿಸೆಂಬರಿನ ಒಂದು ಶುಕ್ರವಾರ ಬೆಂಗಳೂರು ಬಿಡುವುದು, ದಾರಿಯಲ್ಲೇ ಹಳೇಬೀಡು, ಬೇಲೂರು ಮುಗಿಸಿ ಸಂಜೆಗೆ ಮಂಜರಾಬಾದ್ ಕೋಟೆ. ಶನಿವಾರ ಬಿಸಿಲೆ, ಕುಕ್ಕೆ, ಸಮಯ ಸಿಕ್ಕರೆ ಒಂದು ಜಲಪಾತ. ಭಾನುವಾರ ಶೆಟ್ಟಿಹಳ್ಳಿಯ ಇಗರ್ಜಿ ನೋಡಿಕೊಂಡು ರಾತ್ರಿಯೊಳಗೆ ಮನೆ. ಇಷ್ಟೆಲ್ಲ ಬರೆದಾದ ಮೇಲೆ ಕೊನೆಗೆ ‘ಬ್ರೂನೋ, ಚಿನ್ನಿ ಕೂಡ ಬರ್ತಾರೆ’ ಅಂತ ಸೇರಿಸಿದ್ದೀಯ. ಆ ಕೊನೆಯ ಸಾಲನ್ನು ಎತ್ತಿ ಮೊದಲಿಗೆ ಹಾಕು. ಆಮೇಲೆ ಉಳಿದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊಡೆದು ಹಾಕು. ದೊಡ್ಡಪ್ಪ ತಣ್ಣೀರು ಎರಚುತ್ತಾನೆ ಅಂದುಕೊಳ್ಳಬೇಡ. ಸಕಲೇಶಪುರದ ಕಾಫಿ ತೋಟದಲ್ಲಿ ನಾಯಿಗಳ ನಡುವೆಯೇ ತಲೆ ನೆರೆಸಿಕೊಂಡವನು ಹೇಳುತ್ತಿದ್ದೇನೆ: ನಾಯಿ ಜೊತೆಗಿದ್ದರೆ ದಿನಕ್ಕೆ ಒಂದು ಜಾಗ ಸಾಕು. ಅದಕ್ಕೆ ಒಪ್ಪಿದವರಿಗೆ ರಜೆ ಸಿಗುತ್ತದೆ, ಒಪ್ಪದವರಿಗೆ ಬರೀ ಓಡಾಟ.

ಮೊದಲು ಉಳಿಯುವ ಜಾಗದ ಮಾತು. ಬುಕಿಂಗ್ ಮಾಡುವಾಗ ‘ಪೆಟ್ ಫ್ರೆಂಡ್ಲಿ’ ಅಂತ ಕಂಡ ಕೂಡಲೇ ದುಡ್ಡು ಕಟ್ಟಬೇಡ. ಕೆಲವು ಕಡೆ ನಾಯಿ ಸೋಫಾದ ಮೇಲೆ ಮಲಗಿದರೂ ಏನೂ ಅನ್ನುವುದಿಲ್ಲ, ಕೆಲವು ಕಡೆ ಕಾರು ಶೆಡ್ಡಿನಲ್ಲಿ ಕಟ್ಟಿಕೊಳ್ಳಿ ಅನ್ನುತ್ತಾರೆ. ಎರಡನ್ನೂ ಕರೆಯುವುದು ಅದೇ ಹೆಸರಿನಲ್ಲಿ. ಹಾಗಾಗಿ ಫೋನ್ ಮಾಡಿ ಮನೆಯವರ ಹತ್ತಿರವೇ ಮಾತಾಡು. ರಾತ್ರಿ ನಾಯಿಗಳು ನಮ್ಮ ರೂಮಿನೊಳಗೆ ಮಲಗಬಹುದೇ? ನಿಮ್ಮ ಮನೆಯಲ್ಲಿ ಎಷ್ಟು ನಾಯಿ ಇವೆ, ಹಗಲು ಕಟ್ಟಿರುತ್ತೀರೋ ಬಿಟ್ಟಿರುತ್ತೀರೋ? ಕೋಳಿ, ಕರು ಅಂಗಳದಲ್ಲಿ ಓಡಾಡುತ್ತವೆಯೇ? ಕಾಟೇಜಿನ ಸುತ್ತ ಗಟ್ಟಿ ಬೇಲಿ ಇದೆಯೇ? ಅದೇ ದಿನ ಬೇರೆ ಯಾರು ಇರುತ್ತಾರೆ, ನಾಯಿ ಕಂಡರೆ ಹೆದರುವ ಮಕ್ಕಳು ಇದ್ದಾರೆಯೇ? ಇಷ್ಟನ್ನೂ ಬೇಸರವಿಲ್ಲದೆ ಹೇಳುವವರ ಮನೆಗೆ ಹೋಗು. ‘ಬನ್ನಿ ಮೇಡಂ, ಏನೂ ತೊಂದರೆ ಇಲ್ಲ’ ಅಂತ ಒಂದೇ ಮಾತಿನಲ್ಲಿ ಮುಗಿಸುವವರಿದ್ದರೆ ಇನ್ನೊಂದು ಮನೆ ನೋಡು. ಸಾಲಾಗಿ ಕಟ್ಟಿದ ರೂಮುಗಳಿಗಿಂತ ಬಿಡಿಯಾಗಿ ನಿಂತ ಕಾಟೇಜ್ ಒಳ್ಳೆಯದು. ಪಕ್ಕದ ರೂಮಿನವರು ಬಾಗಿಲು ತೆಗೆದಾಗಲೆಲ್ಲ ಚಿನ್ನಿ ಬೊಗಳಿದರೆ ನಿನಗೂ ನಿದ್ದೆಯಿಲ್ಲ, ಅವರಿಗೂ ಇಲ್ಲ.

ನಮ್ಮ ಮನೆಗೇ ಬನ್ನಿ ಅನ್ನಲಿಲ್ಲ ಏಕೆ ಅಂತ ನಿನ್ನ ದೊಡ್ಡಮ್ಮ ನನ್ನನ್ನು ಕೇಳಿದಳು. ನಮ್ಮ ನಾಯಿಗಳು ಹೊರಗಿನ ನಾಯಿಯನ್ನು ಗೇಟು ದಾಟಲು ಬಿಡುವುದಿಲ್ಲ, ಅದಕ್ಕೆ. ತೋಟದ ಮನೆಯ ನಾಯಿಗಳು ಹಾಗೆಯೇ. ತೇಜಸ್ವಿಯವರ ‘ಪರಿಸರದ ಕತೆ’ ಓದಿದವಳು ನೀನು. ಅಲ್ಲಿಯ ‘ಕಿವಿ’ ಎಂಬ ನಾಯಿಯ ಹಾಗೆ ಇವೂ ಯಜಮಾನನ ಹಿಂದೆ ತೋಟ, ಕಾಡು ಸುತ್ತಿ ಬೆಳೆದವು, ಇಡೀ ತೋಟ ತಮ್ಮದೇ ಅಂದುಕೊಂಡವು. ಆದ್ದರಿಂದ ನೀವು ಹೋಗುವ ಮನೆಯಲ್ಲಿ ನಾಯಿ ಇದ್ದರೆ ಗೇಟಿನ ಬಾಯಲ್ಲಿ ಮುಖಾಮುಖಿ ನಿಲ್ಲಿಸಬೇಡಿ. ಕಾರನ್ನು ಹೊರಗೇ ನಿಲ್ಲಿಸಿ, ಮನೆಯವರಿಗೆ ಅವರ ನಾಯಿಯನ್ನು ಹಗ್ಗ ಹಿಡಿದು ರಸ್ತೆಗೆ ತರಲು ಹೇಳಿ. ನಡುವೆ ಅಂತರ ಇಟ್ಟುಕೊಂಡು ಎರಡೂ ಕಡೆಯವರು ಒಂದೇ ದಿಕ್ಕಿಗೆ ಹತ್ತು ನಿಮಿಷ ನಡೆಯಿರಿ. ಜೊತೆಯಲ್ಲಿ ನಡೆದ ಮೇಲೆ ನಾಯಿಗಳ ಬಿಗುವು ಸಡಿಲವಾಗುತ್ತದೆ. ಆಮೇಲೆ ಒಟ್ಟಿಗೇ ಒಳಗೆ ಬಂದರೆ ಜಗಳ ಅಪರೂಪ.

ಹೊರಡುವುದಕ್ಕೆ ಎರಡು ವಾರ ಇರುವಾಗಲೇ ಎರಡನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ರೇಬೀಸ್ ಲಸಿಕೆಯ ಅವಧಿ ಮುಗಿದಿಲ್ಲ ತಾನೆ ಅಂತ ನೋಡಿಕೋ. ಲೆಪ್ಟೊಸ್ಪೈರೋಸಿಸ್ ಲಸಿಕೆಯನ್ನೂ ಮರೆಯಬೇಡ, ಅದು ಇಲಿ ಹೆಗ್ಗಣಗಳ ಮೂತ್ರ ಬೆರೆತ ನೀರಿನಿಂದ ಬರುವ ಕಾಯಿಲೆ. ಗದ್ದೆ, ಹಳ್ಳ, ಕೆರೆ ಕಂಡಲ್ಲೆಲ್ಲ ನೀರಿಗೆ ಬಾಯಿ ಹಾಕುವ ಬ್ರೂನೋನಂಥ ಲ್ಯಾಬ್ರಡಾರಿಗೆ ಬೇಕೇ ಬೇಕು. ಉಣ್ಣೆ ಹತ್ತದಂತೆ ಕೊಡುವ ಮಾತ್ರೆಯೋ ಬೆನ್ನಿಗೆ ಹಾಕುವ ಔಷಧವೋ ಯಾವುದು ಸರಿ ಅಂತ ಅವರನ್ನೇ ಕೇಳು. ಬ್ರೂನೋಗೆ ಹತ್ತು ವರ್ಷ ಆಯಿತಲ್ಲ, ಕಾಲುನೋವಿನ ಮಾತ್ರೆಯನ್ನೂ ಬರೆಸಿಕೋ. ಡಿಸೆಂಬರಿನ ರಾತ್ರಿ ಇಲ್ಲಿ ಚಳಿ ಜೋರು, ಸಿಮೆಂಟು ನೆಲ ಕೊರೆಯುತ್ತದೆ. ಅವನು ದಿನಾ ಮಲಗುವ ಹಾಸಿಗೆಯನ್ನೇ ಒಗೆಯದೆ ತಾ. ತನ್ನ ವಾಸನೆ ಇರುವ ಹಾಸಿಗೆ ಸಿಕ್ಕರೆ ಹೊಸ ಜಾಗದಲ್ಲೂ ನಾಯಿ ಬೇಗ ಮಲಗುತ್ತದೆ. ಬೆಲ್ಟಿಗೆ ಹೆಸರಿನ ಬಿಲ್ಲೆ ಕಟ್ಟಿ ನಿನ್ನ ನಂಬರಿನ ಜೊತೆ ಕಾಟೇಜಿನವರ ನಂಬರನ್ನೂ ಬರೆದಿಡು. ತೋಟದೊಳಗೆ ಎಷ್ಟೋ ಕಡೆ ನಿನ್ನ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಸಕಲೇಶಪುರದಲ್ಲಿ ಪಶು ಆಸ್ಪತ್ರೆ ಇದೆ. ದೊಡ್ಡ ತೊಂದರೆಯಾದರೆ ಸುಮಾರು 40 ಕಿ.ಮೀ. ದೂರದ ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಎರಡು ಕಡೆಯ ಫೋನ್ ನಂಬರನ್ನೂ ಕಾಗದದ ಮೇಲೆ ಬರೆದು ಕಾರಿನಲ್ಲಿ ಇಟ್ಟುಕೋ.

ದಾರಿ ಸುಲಭ. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಆಲೂರು. ರಾಷ್ಟ್ರೀಯ ಹೆದ್ದಾರಿ 75 ಹಿಡಿದರೆ ಸಕಲೇಶಪುರ ಸುಮಾರು 220 ಕಿ.ಮೀ. ನಿಮಗೆ ಐದು ತಾಸಾದರೆ ನಾಯಿಗಳಿಗೆ ಆರು ಅಂತ ಇಟ್ಟುಕೊಳ್ಳಿ. ಹೊರಡುವ ಮೂರು ನಾಲ್ಕು ತಾಸು ಮೊದಲೇ ಊಟ ನಿಲ್ಲಿಸಿದರೆ ಕಾರಿನಲ್ಲಿ ವಾಂತಿ ಕಡಿಮೆ. ಎರಡು ತಾಸಿಗೊಮ್ಮೆ ಇಳಿಸಿ, ಆದರೆ ಬಾಗಿಲು ತೆಗೆಯುವ ಮೊದಲು ಹಗ್ಗ ಕೈಗೆ ಬರಲಿ. ಹೆದ್ದಾರಿಯ ಪಕ್ಕ ಕೈತಪ್ಪಿದ ನಾಯಿ ವಾಪಸ್ ಸಿಗುವುದು ಅದೃಷ್ಟ. ತಿಂಡಿಗೆ ನಿಲ್ಲಿಸಿದಾಗ ‘ಐದೇ ನಿಮಿಷ’ ಅಂತ ಗಾಜು ಮುಚ್ಚಿ ಹೋಗಬೇಡಿ. ಬಿಸಿಲಿಗೆ ನಿಂತ ಕಾರಿನೊಳಗೆ ಹತ್ತು ನಿಮಿಷದಲ್ಲಿ ಹತ್ತು ಡಿಗ್ರಿ ಏರುತ್ತದೆ, ಹೊರಗೆ ಚಳಿಗಾಲವಾದರೂ ಅಷ್ಟೆ. ಒಬ್ಬರು ದೋಸೆ ತಿನ್ನಲಿ, ಇನ್ನೊಬ್ಬರು ನಾಯಿ ಹಿಡಿದು ನೆರಳಿನಲ್ಲಿ ನಿಲ್ಲಲಿ. ಈ ಸರದಿ ಅಭ್ಯಾಸವಾಗಲಿ, ಮುಂದೆ ಮೂರು ದಿನವೂ ಬೇಕಾಗುತ್ತದೆ.

ಇನ್ನು ತೋಟದ ಒಳಗಿನ ಮಾತು. ಇದನ್ನು ಗಮನವಿಟ್ಟು ಓದು, ಬೆಂಗಳೂರಿನವರಿಗೆ ತಿಳಿಯದೆ ಇರುವುದು ಇದೇ. ನೀವು ಬರುವ ಹೊತ್ತಿಗೆ ಅರೇಬಿಕಾ ಕೊಯ್ಲು ನಡೆದಿರುತ್ತದೆ. ಕಣದ ತುಂಬ ಕಾಫಿ ಹರಡಿರುತ್ತಾರೆ, ಹಣ್ಣು ಸುಲಿಯುವ ಪಲ್ಪರ್ ಯಂತ್ರದ ಪಕ್ಕ ಸಿಪ್ಪೆಯ ರಾಶಿ ಬಿದ್ದಿರುತ್ತದೆ. ಹಣ್ಣಿನ ಸಿಪ್ಪೆಯ ಸಿಹಿಗೆ ನಾಯಿ ಬಾಯಿ ಹಾಕಬಹುದು. ನಮ್ಮನ್ನು ಎಚ್ಚರವಾಗಿಡುವ ಕೆಫೀನ್ ನಾಯಿಗೆ ವಿಷ. ಹೆಚ್ಚು ತಿಂದರೆ ಮೈ ನಡುಗಿ, ಎದೆ ಹೊಡೆದುಕೊಂಡು, ಫಿಟ್ಸ್ ಬರುವ ತನಕ ಹೋಗಬಹುದು. ಕಣಕ್ಕೆ ನಾಯಿ ಹೋಗಬಾರದು ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಅದು ಒಂದು ವರ್ಷದ ಬೆಳೆ, ಅದರ ಮೇಲೆ ನಾಯಿ ಉಚ್ಚೆ ಹೊಯ್ದರೆ ಯಜಮಾನನ ಮುಖ ಹೇಗಾಗುತ್ತದೆ ಅಂತ ನಾನು ಹೇಳಬೇಕಿಲ್ಲ.

ತೋಟದಲ್ಲಿ ಹಗ್ಗ ಬಿಚ್ಚಲೇಬಾರದು. ಚಿನ್ನಿ ಬೀದಿಯಲ್ಲಿ ಹುಟ್ಟಿದ ಚುರುಕು ನಾಯಿ, ಅವಳಿಗೆ ಇಷ್ಟು ದೊಡ್ಡ ಜಾಗದಲ್ಲಿ ಓಡಲು ಬಿಡಬೇಕು ಅಂತ ನಿನಗೆ ಅನ್ನಿಸುವುದು ಸಹಜ. ಆದರೆ ಕಾಫಿ ಗಿಡದ ಬುಡದಲ್ಲಿ ಕಾಡುಹಂದಿ ಮಲಗಿರುತ್ತದೆ, ಅದರ ವಾಸನೆ ಸಿಕ್ಕರೆ ನಿನ್ನ ಕೂಗು ಅವಳ ಕಿವಿಗೆ ಬೀಳುವುದಿಲ್ಲ. ನಾಯಿ ಹಂದಿಯ ಹಗೆತನ ನಮ್ಮ ನೆಲದಲ್ಲಿ ಕಲ್ಲಿನ ಮೇಲೇ ಬರೆದಿದೆ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ, ಕ್ರಿ.ಶ. 949–50ರದ್ದು, ಕಾಳಿ ಎಂಬ ನಾಯಿ ಹಂದಿಯ ಮೇಲೆ ಬಿದ್ದು ಹೋರಾಡಿ, ಎರಡೂ ಸತ್ತದ್ದನ್ನು ಹೇಳುತ್ತದೆ. ಕಾಳಿಯ ನೆನಪಿಗೆ ನಿಲ್ಲಿಸಿದ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ, ಒಂದು ದಿನ ಹೋಗಿ ನೋಡು. ಕಾಳಿ ಬೇಟೆಗೆಂದೇ ಸಾಕಿದ ನಾಯಿ. ಚಿನ್ನಿ ಆ ವೀರಮರಣದ ಆಸೆ ಇಟ್ಟುಕೊಂಡವಳಲ್ಲ. ಹಂದಿಗೆಂದು ಯಾರೋ ಕದ್ದುಮುಚ್ಚಿ ಒಡ್ಡಿದ ಉರುಳೂ ಬೇಲಿಯ ಸಾಲಿನಲ್ಲಿ ಇರಬಹುದು. ಇನ್ನು ಆನೆ ತಡೆಯಲು ಹಾಕಿದ ಸೋಲಾರ್ ಬೇಲಿ. ಇಲ್ಲಿಯವರು ಅದಕ್ಕೆ ಐಬೆಕ್ಸ್ ಅನ್ನುತ್ತಾರೆ. ಕರೆಂಟು ಹೊಡೆದರೆ ನಾಯಿ ಸಾಯುವುದಿಲ್ಲ, ಆದರೆ ಗಾಬರಿಯಲ್ಲಿ ಕೈ ಕೊಸರಿಕೊಂಡು ದಿಕ್ಕು ತಪ್ಪಿ ಓಡುತ್ತದೆ.

ಆನೆಯ ವಿಷಯ ತಮಾಷೆಯಲ್ಲ. ಆಲೂರು, ಸಕಲೇಶಪುರ, ಬೇಲೂರಿನ ತೋಟಗಳಲ್ಲಿ ಆನೆಗಳು ವರ್ಷವಿಡೀ ಇರುತ್ತವೆ. ಭತ್ತ ಬಲಿಯುವ ಈ ಕಾಲದಲ್ಲಿ ಗದ್ದೆಗಳಿಗೂ ಇಳಿಯುತ್ತವೆ. ಆನೆ ಕಂಡ ನಾಯಿ ಬೊಗಳುತ್ತಾ ಮುಂದೆ ಹೋಗುತ್ತದೆ, ಆನೆ ತಿರುಗಿ ಬಿದ್ದ ಕೂಡಲೇ ಓಡಿ ಬಂದು ನಿನ್ನ ಕಾಲ ಹಿಂದೆ ನಿಲ್ಲುತ್ತದೆ. ಅದರ ಹಿಂದೆಯೇ ಆನೆಯೂ ಬರುತ್ತದೆ. ಅರಣ್ಯ ಇಲಾಖೆಯವರು ಆನೆ ಎಲ್ಲಿದೆ ಅಂತ ಊರವರ ಮೊಬೈಲಿಗೆ ಸುದ್ದಿ ಕಳಿಸುತ್ತಾರೆ. ಬೆಳಿಗ್ಗೆ ವಾಕಿಂಗಿಗೆ ಹೊರಡುವ ಮೊದಲು ‘ಇವತ್ತು ಯಾವ ಕಡೆ ಹೋಗಬಹುದು?’ ಅಂತ ಮನೆಯವರನ್ನು ಕೇಳಿ, ಬೆಳಕು ಚೆನ್ನಾಗಿ ಹರಿದ ಮೇಲೆ ಹೋಗಿ, ಕತ್ತಲಾಗುವ ಮೊದಲೇ ಒಳಗೆ ಬನ್ನಿ. ರಾತ್ರಿ ಗದ್ದೆ ಕಡೆಯಿಂದ ಪಟಾಕಿ ಸದ್ದು ಕೇಳಿದರೆ ಆನೆ ಓಡಿಸುತ್ತಿದ್ದಾರೆ ಅಂತ ತಿಳಿದುಕೊಳ್ಳಿ. ದೀಪಾವಳಿಯಲ್ಲಿ ಮಂಚದ ಕೆಳಗೆ ನುಸುಳುವ ಚಿನ್ನಿಗೆ ಆಗ ಬಾಗಿಲು ತೆರೆದಿರಬಾರದು. ರಾತ್ರಿ ಒಂದಕ್ಕೆ ಬಿಡಬೇಕಾದರೂ ದೀಪ ಹಾಕಿ, ಹಗ್ಗ ಹಿಡಿದು, ಬಾಗಿಲ ಮುಂದೆಯೇ. ಚಿರತೆಗೆ ನಾಯಿ ಸುಲಭದ ತುತ್ತು. ಜಗಲಿಯಲ್ಲಿ ಕಟ್ಟಿದ ನಾಯಿಯಂತೂ ಓಡಲೂ ಆಗದು.

ಉಣ್ಣೆ ಚಿಕ್ಕದು, ಕೊಡುವ ಕಷ್ಟ ದೊಡ್ಡದು. ಮಳೆ ನಿಂತು ನೆಲ ಒಣಗುತ್ತಾ ಬಂದಂತೆ ಅದರ ಕಾಟ ಏರುತ್ತದೆ. ಪ್ರತಿ ಸಲ ತಿರುಗಾಡಿ ಬಂದ ಮೇಲೆ ಕಿವಿಯ ಒಳಗೆ, ಕಂಕುಳಲ್ಲಿ, ಬೆರಳ ಸಂದಿಯಲ್ಲಿ, ಬೆಲ್ಟಿನ ಅಡಿಯಲ್ಲಿ ಕೈಯಾಡಿಸಿ ನೋಡಿ. ಸಿಕ್ಕಿದರೆ ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೆಟ್ಟಗೆ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಾದ ಮಂಗನ ಕಾಯಿಲೆ ಮನುಷ್ಯರಿಗೆ ಹರಡುವುದೂ ಉಣ್ಣೆಯಿಂದಲೇ. ನಾಯಿ ಮೈಮೇಲೆ ಹೊತ್ತು ತಂದದ್ದು ನಿಮ್ಮ ಹಾಸಿಗೆಗೂ ಬರಬಹುದು, ಆದ್ದರಿಂದ ನಿಮ್ಮ ಬಟ್ಟೆಯನ್ನೂ ಕೊಡವಿ. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಮನೆಯವರಿಗೆ ತಿಳಿಸಿ. ಜಿಗಣೆಯ ಚಿಂತೆ ಡಿಸೆಂಬರಿನಲ್ಲಿ ಅಷ್ಟಿಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಯಿ ತರುವವರು ಅದನ್ನು ಯೋಚಿಸಲಿ.

ಈಗ ನಿನ್ನ ಪಟ್ಟಿಗೆ ಬರೋಣ. ಬೇಲೂರು, ಹಳೇಬೀಡು ಈ ಸಲ ಬೇಡ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ದೇವಾಲಯದಲ್ಲಿ ಇಂದಿಗೂ ಪೂಜೆ ನಡೆಯುತ್ತದೆ, ಅಲ್ಲಿಗೆ ನಾಯಿ ಹೋಗುವ ಮಾತೇ ಇಲ್ಲ. ಅಷ್ಟೇ ಅಲ್ಲ, ರಾಷ್ಟ್ರೀಯ ಸಂರಕ್ಷಿತ ಸ್ಮಾರಕಗಳ ಒಳಗೆ ಪ್ರಾಣಿಗಳನ್ನು ತರಬಾರದು ಅಂತ 1959ರ ನಿಯಮಗಳಲ್ಲೇ ಇದೆ. 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅಲ್ಲಿ ಜನವೂ ಹೆಚ್ಚು. ಮದನಿಕೆಯರ ಮುಂದೆ ನಿಂತು ಒಂದೊಂದನ್ನೇ ನೋಡಬೇಕು, ಹಳೇಬೀಡಿನ ಗೋಡೆಯ ಆನೆಸಾಲಿನಿಂದ ಹಿಡಿದು ಮೇಲಿನ ದೇವತೆಗಳ ತನಕ ಕಣ್ಣು ನಿಧಾನವಾಗಿ ಏರಬೇಕು. ಪಾರ್ಕಿಂಗಿನಲ್ಲಿ ಬ್ರೂನೋ ಏದುಸಿರು ಬಿಡುತ್ತಿದ್ದಾನೇನೋ ಅಂತ ಗಡಿಯಾರ ನೋಡುತ್ತಾ ಅವನ್ನು ನೋಡಿದರೆ ನೋಡಿದ ಹಾಗಲ್ಲ. ನಾಯಿಗಳನ್ನು ತಂಗಿಯ ಮನೆಯಲ್ಲಿ ಬಿಟ್ಟು ಇನ್ನೊಂದು ಸಲ ಬನ್ನಿ. ಕುಕ್ಕೆಯೂ ಆಗಲೇ ಆಗಲಿ. ಬಿಸಿಲೆಯ ಕಾಡು ಮೀಸಲು ಅರಣ್ಯ, ಕಾಳಿಂಗ ಸರ್ಪದ ನೆಲೆ, ಅಲ್ಲಿ ಸಾಕುನಾಯಿಗೆ ಕೆಲಸವಿಲ್ಲ. ರೈಲು ಹಳಿ ಮೇಲೆ ನಡೆದು ಹೋಗುವ ಚಾರಣ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ, ಅದು ನಿಷಿದ್ಧ.

ಹಾಗಾದರೆ ಉಳಿದದ್ದೇನು? ಶುಕ್ರವಾರ ಬೆಳಿಗ್ಗೆ ಐದೂವರೆಗೆ ಹೊರಟು ಮಧ್ಯಾಹ್ನದ ಊಟಕ್ಕೆ ತೋಟ ಸೇರಿ. ಆ ದಿನ ಬೇರೆಲ್ಲೂ ಹೋಗಬೇಡಿ. ನಾಯಿಗಳು ಕಾಟೇಜಿನ ಮೂಲೆಮೂಲೆಯನ್ನು ಮೂಸಿ ಮುಗಿಸುವುದಕ್ಕೇ ಒಂದು ಸಂಜೆ ಬೇಕು. ಹಾಲವಾಣ, ಸಿಲ್ವರ್ ಮರದ ನೆರಳಲ್ಲಿ ಹಗ್ಗ ಹಿಡಿದು ಅರ್ಧ ತಾಸು ನಡೆಯಿರಿ. ನಾಯಿ ನಿಂತಲ್ಲಿ ನೀವೂ ನಿಲ್ಲಿ. ಕಾಳುಮೆಣಸಿನ ಬಳ್ಳಿ ಮರವನ್ನು ಹೇಗೆ ಹಿಡಿದಿದೆ, ಕೊಯ್ಲಿನ ಕೆಲಸದವರು ಸಂಜೆ ಹಣ್ಣು ಹೇಗೆ ತೂಗಿಸುತ್ತಾರೆ ಅನ್ನುವುದೆಲ್ಲ ಕಾಣುವುದು ಹಾಗೆ ನಿಂತಾಗಲೇ.

ಶನಿವಾರಕ್ಕೆ ಮಂಜರಾಬಾದ್ ಕೋಟೆ. ಪಟ್ಟಣದಿಂದ ಮಂಗಳೂರು ದಾರಿಯಲ್ಲಿ ಐದಾರು ಕಿ.ಮೀ. ಅಷ್ಟೆ. ಟಿಪ್ಪು ಸುಲ್ತಾನ್ 1792ರಲ್ಲಿ ಮುಗಿಸಿದ, ಎಂಟು ಮೂಲೆಯ ನಕ್ಷತ್ರದ ಆಕಾರದ ಕೋಟೆ. ಫ್ರೆಂಚರ ಕೋಟೆಗಳ ಮಾದರಿಯದು. ಆ ಆಕಾರ ಡ್ರೋನ್ ಚಿತ್ರದಲ್ಲಿ ಚೆಂದ ಕಾಣುತ್ತದೆ, ಆದರೆ ಅದು ಏಕೆ ಹಾಗಿದೆ ಅಂತ ತಿಳಿಯುವುದು ಗೋಡೆಯ ಮೇಲೆ ನಿಂತಾಗ. ಒಂದು ಮೂಲೆಯಲ್ಲಿ ನಿಂತವನಿಗೆ ಪಕ್ಕದ ಮೂಲೆಯ ಬುಡ ಕಾಣುತ್ತದೆ, ಶತ್ರುವಿಗೆ ಗೋಡೆಗೆ ಒರಗಿ ಅವಿತುಕೊಳ್ಳಲು ಜಾಗವಿಲ್ಲ. ಇದಕ್ಕೆ ಸುಮಾರು 250 ಮೆಟ್ಟಿಲು ಹತ್ತಬೇಕು. ಅದು ಬ್ರೂನೋನ ಮೊಣಕಾಲಿಗೆ ಆಗದ ಮಾತು, ಸ್ಮಾರಕವಾದ್ದರಿಂದ ಚಿನ್ನಿಯನ್ನೂ ಕರೆದೊಯ್ಯುವಂತಿಲ್ಲ. ಆದ್ದರಿಂದ ಸರದಿ ಹಾಕಿಕೊಳ್ಳಿ. ಬೆಳಿಗ್ಗೆ ಒಬ್ಬರು ಹೋಗಿ ಬರಲಿ, ಸಂಜೆ ಇನ್ನೊಬ್ಬರು. ಹತ್ತಿರವಿರುವ ಕಾರಣ ಒಂದೂವರೆ, ಎರಡು ತಾಸಿನ ಮಾತು. ಹೊಸ ಜಾಗದಲ್ಲಿ ನಾಯಿಗಳನ್ನು ಮಾತ್ರ ರೂಮಿನಲ್ಲಿ ಕೂಡಿ ಹಾಕಿ ಹೋದರೆ ಬಾಗಿಲು ಕೆರೆದು, ಊಳಿಟ್ಟು, ಪರದೆ ಹರಿದು ಇಟ್ಟಿರುತ್ತವೆ.

ಇಲ್ಲೊಂದು ಮಾತು, ಅಳಿಯಂದಿರಿಗೂ ಓದಿ ಹೇಳು. ನಿನ್ನ ಅತ್ತೆಯವರೂ ಬರುತ್ತಾರಂತಲ್ಲ. ‘ಅಮ್ಮನಿಗೆ ಮೆಟ್ಟಿಲು ಹತ್ತಲು ಆಗಲ್ಲ, ಹೇಗೂ ಕಾಟೇಜಿನಲ್ಲೇ ಇರ್ತಾರೆ, ನಾಯಿ ನೋಡ್ಕೊಳ್ತಾರೆ’ ಅಂತ ನೀವಿಬ್ಬರೂ ಲೆಕ್ಕ ಹಾಕಿಕೊಂಡಿದ್ದರೆ ಬಿಟ್ಟುಬಿಡಿ. ಅವರು ರಜೆಗೆ ಬರುತ್ತಿರುವವರು, ನಾಯಿ ಕಾಯಲು ಅಲ್ಲ. ಮೂವತ್ತು ಕಿಲೋ ತೂಗುವ ಲ್ಯಾಬ್ರಡಾರ್ ಕೋಳಿ ಕಂಡು ಎಳೆದರೆ ಅವರ ಸೊಂಟದ ಗತಿ ಏನು? ಅವರಿಗೆ ಮೆಟ್ಟಿಲಿಲ್ಲದ ಒಂದು ಜಾಗ ಹುಡುಕಿ. ಪಟ್ಟಣದಲ್ಲೇ ಹೇಮಾವತಿಯ ದಡದಲ್ಲಿ ಸಕಲೇಶ್ವರ ದೇವಸ್ಥಾನವಿದೆ. ಅಲ್ಲಿಗೆ ಮಗ ಕರೆದುಕೊಂಡು ಹೋಗಲಿ, ಆ ಹೊತ್ತು ನಾಯಿಗಳ ಜೊತೆ ನೀನಿರು.

ಕೋಟೆಗಿಂತ ಎಲ್ಲರೂ ಒಟ್ಟಿಗೆ ಇರುವುದೇ ಇಷ್ಟವಾದರೆ ಬಿಸಿಲೆ ದಾರಿಯ ಮಂಕನಹಳ್ಳಿಯ ತನಕ ಕಾರಿನಲ್ಲಿ ಹೋಗಿ ಬನ್ನಿ. ರಸ್ತೆಯ ಪಕ್ಕದಲ್ಲೇ ಒಂದು ಕಲ್ಲಿದೆ. ಅದರ ಒಂದು ಕಡೆ ಬಿದ್ದ ಮಳೆ ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ, ಇನ್ನೊಂದು ಕಡೆಯದು ಕುಮಾರಧಾರೆ, ನೇತ್ರಾವತಿ ಹಿಡಿದು ಅರಬ್ಬಿ ಸಮುದ್ರಕ್ಕೆ. ನೋಡಲು ಸಾಮಾನ್ಯ ಕಲ್ಲು, ಆದರೆ ಅದರ ಮುಂದೆ ನಾಯಿ, ಅತ್ತೆ, ಅಳಿಯ ಎಲ್ಲರೂ ನಿಲ್ಲಬಹುದು. ಯಾರನ್ನೂ ಹಿಂದೆ ಬಿಡಬೇಕಿಲ್ಲ. ಕಾಡಿನೊಳಗೆ ಇಳಿಯದೆ ಅಲ್ಲಿಂದಲೇ ತಿರುಗಿ.

ಭಾನುವಾರ ವಾಪಸ್ ಬರುವಾಗ ಹಾಸನದಿಂದ ಸುಮಾರು 20 ಕಿ.ಮೀ. ಒಳಗೆ ಶೆಟ್ಟಿಹಳ್ಳಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ ಇಗರ್ಜಿ, ಗೊರೂರಿನ ಹೇಮಾವತಿ ಅಣೆಕಟ್ಟು ಬಂದ ಮೇಲೆ ಹಿನ್ನೀರಿಗೆ ಸಿಕ್ಕಿತು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಪೂರ್ತಿ ಎದ್ದು ನಿಲ್ಲುತ್ತದೆ. ಡಿಸೆಂಬರಿನಲ್ಲಿ ನೀರು ಎಷ್ಟಿರುತ್ತದೆ ಅನ್ನುವುದು ಆ ವರ್ಷದ ಮಳೆಗೆ ಬಿಟ್ಟದ್ದು. ಸುತ್ತ ಬಯಲು, ನಾಯಿಗಳು ಉದ್ದ ಹಗ್ಗದಲ್ಲಿ ಮನಸಾರೆ ಅಡ್ಡಾಡಬಹುದು. ಗೋಡೆಗಳು ಶಿಥಿಲವಾಗಿವೆ, ಕಮಾನಿನ ಕೆಳಗೆ ಫೋಟೊಗೆ ನಿಲ್ಲಬೇಡಿ. ನೀರು ಕಂಡರೆ ಧುಮುಕುವ ಬ್ರೂನೋನ ಹಗ್ಗ ಬಿಗಿಯಾಗಿರಲಿ, ಹಿನ್ನೀರಿನ ಅಂಚಿನ ಕೆಸರು ಕಾಲು ಹಿಡಿಯುತ್ತದೆ.

ಊಟದ ವಿಷಯ. ನಮ್ಮ ಕಡೆಯವರ ಪ್ರೀತಿಗೆ ಮಿತಿಯಿಲ್ಲ, ನಾಯಿಗೂ ಬಡಿಸುತ್ತಾರೆ. ಬೆಂದ ಕೋಳಿಮೂಳೆ ಸೀಳಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ಹಂದಿಮಾಂಸದ ಕೊಬ್ಬು ಹೊಟ್ಟೆ ಕೆಡಿಸುತ್ತದೆ. ಈರುಳ್ಳಿ ಹಾಕಿದ ಸಾರು, ದ್ರಾಕ್ಷಿ, ಚಾಕೊಲೇಟು ಯಾವುದೂ ಆಗದು. ಮನೆಯಿಂದ ತಂದದ್ದನ್ನೇ ಹಾಕಿ, ಮನೆಯವರು ಬೇಸರಪಟ್ಟರೆ ಉಪ್ಪು ಖಾರವಿಲ್ಲದ ಎರಡು ತುಂಡು ಕಡುಬು ಕೊಡಲು ಹೇಳಿ, ಅವರ ಮನಸ್ಸೂ ಉಳಿಯುತ್ತದೆ. ಹೊರಡುವ ದಿನ ಹಾಸಿಗೆಯ ಕೂದಲು ನೀವೇ ಗುಡಿಸಿ. ಹೇಲನ್ನು ಮೂರು ದಿನವೂ ಚೀಲದಲ್ಲಿ ಎತ್ತಿ, ತೋಟ ತಾನೇ ಅಂತ ಬಿಡಬೇಡಿ. ನಾಳೆ ಬೆಳಿಗ್ಗೆ ಅಲ್ಲಿ ಕೈಯಿಟ್ಟು ಉದುರಿದ ಹಣ್ಣು ಆರಿಸುವ ಹೆಂಗಸರಿದ್ದಾರೆ. ಏನಾದರೂ ಒಡೆದಿದ್ದರೆ ಅವರು ಕೇಳುವ ಮೊದಲೇ ಹೇಳಿ ದುಡ್ಡು ಕೊಡಿ. ನಿಮ್ಮ ನಂತರ ನಾಯಿ ತರುವವರಿಗೆ ಆ ಮನೆಯ ಬಾಗಿಲು ತೆರೆದಿರುವುದು ನಿಮ್ಮ ನಡತೆಯ ಮೇಲೆ.

ಬೆಂಗಳೂರು ಸೇರಿದ ಮೇಲೂ ಮೂರು ವಾರ ಕಣ್ಣಿಟ್ಟಿರು. ಉಣ್ಣೆ ಜ್ವರ ಕಚ್ಚಿದ ದಿನವೇ ಬರುವುದಿಲ್ಲ. ಊಟ ಬಿಟ್ಟರೆ, ಮೈ ಸುಟ್ಟರೆ, ಒಸಡು ಬಿಳಿಚಿದರೆ, ಮೂಗಿನಲ್ಲಿ ರಕ್ತ ಕಂಡರೆ ‘ಮಲೆನಾಡಿಗೆ ಹೋಗಿದ್ದೆವು’ ಅಂತಲೇ ಡಾಕ್ಟರಿಗೆ ಹೇಳು. ಆ ಒಂದು ಮಾತಿನಿಂದ ಅವರಿಗೆ ಯಾವ ರಕ್ತಪರೀಕ್ಷೆ ಮಾಡಬೇಕು ಅಂತ ತಿಳಿಯುತ್ತದೆ.

ಇನ್ನು ಶನಿವಾರ ಮಧ್ಯಾಹ್ನದ ಊಟ ನಮ್ಮ ಮನೆಯಲ್ಲೇ, ದೊಡ್ಡಮ್ಮನ ಅಪ್ಪಣೆ. ಅತ್ತೆಯವರೂ ಅಳಿಯಂದಿರೂ ಮೊದಲು ಬರಲಿ, ಅವರು ಕೈ ತೊಳೆದು ಹಿಂದಿರುಗಿದ ಮೇಲೆ ನೀನು ಬಾ. ನಮ್ಮ ಗೇಟಿನಲ್ಲಿರುವ ನಾಯಿಗಳು ಸರದಿಯಲ್ಲಿ ಬಂದ ಮನುಷ್ಯರಿಗೆ ಏನೂ ಮಾಡುವುದಿಲ್ಲ.